ಅತ್ತೆ ಉಪ್ಪು ಬಿಟ್ಟ ವರ್ಷಗಳು

ನನ್ನ ಅತ್ತೆ ನನಗೆ ಎರಡು ಬಗೆಯಲ್ಲಿ ಅತ್ತೆ. ಹುಟ್ಟಿನಿಂದ ಅವಳು ಅಪ್ಪನ ಅಕ್ಕ. ಹದಿನೇಳನೆಯ ವಯಸ್ಸಿಗೆ ಅವಳ ಮಗನನ್ನು ಮದುವೆಯಾಗಿ ತುಕ್ಕಾನಟ್ಟಿಗೆ ಬಂದ ಮೇಲೆ ಗಂಡನ ತಾಯಿ. ಹುಕ್ಕೇರಿಯ ನಮ್ಮ ಮನೆಗೆ ಅವಳು ವರ್ಷಕ್ಕೊಮ್ಮೆ ಪಂಚಮಿಗೆ ಬರುತ್ತಿದ್ದಳು. ಬಂದವಳೇ ನನ್ನ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡು ಹೇನು ಹೆಕ್ಕುತ್ತಾ, ದಾರಿಯಲ್ಲಿ ಕಂಡದ್ದನ್ನೆಲ್ಲ ಹೇಳುತ್ತಿದ್ದಳು. ಹಾಗಾಗಿ ಸೊಸೆಯಾದ ಮೇಲೂ ಅವಳನ್ನು ಬಹುವಚನದಲ್ಲಿ ಮಾತಾಡಿಸಲು ನನಗೆ ಬಾಯಿ ಹೊರಳಲಿಲ್ಲ. ಓಣಿಯ ಹೆಂಗಸರು, "ಇದೇನ ಬೇ, ಸೊಸಿ ಅತ್ತಿಗೆ ನೀ, ತಾ ಅಂತಾಳಲ್ಲ!" ಎಂದು ಆಡಿಕೊಂಡಾಗ ಅತ್ತೆ ಅವರ ಬಾಯಿ ಮುಚ್ಚಿಸಿದ್ದಳು: "ನನ್ನ ತಮ್ಮನ ಮಗಳು ನನಗ ನೀ ಅಂತಾಳ. ನಿಮಗ್ಯಾಕ ಹೊಟ್ಟಿನೋವು?"

ನಮ್ಮದು ಕುರಿ ಕಾಯುವವರ ಮನೆ. ಒಂದಿಷ್ಟು ಹೊಲವಿತ್ತು, ಅದನ್ನು ನನ್ನ ಗಂಡ ನೋಡಿಕೊಳ್ಳುತ್ತಿದ್ದರು. ಮಾವನಿಗೆ ಕುರಿಗಳೇ ಲೋಕ. ಹೊತ್ತು ಏರುವ ಮೊದಲು ಹೆಗಲಿಗೆ ಕಂಬಳಿ ಹಾಕಿಕೊಂಡು ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವನು. ಅತ್ತೆ ಉಣ್ಣೆ ನೂಲುತ್ತಿದ್ದಳು. ಕದರನ್ನು ತೊಡೆಯ ಮೇಲೆ ಒಮ್ಮೆ ಹೊರಳಿಸಿ ಬಿಟ್ಟರೆ ಅದು ಗಾಳಿಯಲ್ಲಿ ತಿರುಗುತ್ತ ಇಳಿಯುತ್ತಿತ್ತು, ಅವಳ ಬಾಯಿ ಮಾತ್ರ ಬೇರೆ ಯಾರದೋ ಸುದ್ದಿ ಹೇಳುತ್ತಿರುತ್ತಿತ್ತು. ನೂಲಿನ ಉಂಡೆಗಳನ್ನು ಮೂಡಲಗಿಯ ವಾರದ ಸಂತೆಗೆ ಒಯ್ದು ಕಂಬಳಿ ನೇಯುವವರಿಗೆ ಕೊಟ್ಟು ಬರುವುದು ಅವಳಿಗೆ ದೊಡ್ಡ ಸಂಭ್ರಮ. ನೂಲಿಗಿಂತ ಹೆಚ್ಚಾಗಿ ಅವಳು ಹೋಗುತ್ತಿದ್ದದ್ದು ಮಾತಿಗೆ.

ಅವಳ ವಯಸ್ಸು ಅವಳಿಗೇ ಗೊತ್ತಿರಲಿಲ್ಲ. ಪ್ಲೇಗಿಗೆ ಊರು ಬಿಟ್ಟು ಜನ ಗುಡಿಸಲು ಹಾಕಿಕೊಂಡಿದ್ದಾಗ ಹುಟ್ಟಿದವಳಂತೆ. ನಮ್ಮ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ ಅವಳ ಕಾಯಿಲೆ ಮೊದಲು ಕಣ್ಣಿಗೆ ಬಿತ್ತು. ಆಗ ಅರವತ್ತರ ಆಸುಪಾಸು ಇದ್ದಿರಬೇಕು.

ಮೊದಲು ಕಂಡದ್ದು ಕಾಲು. ಎಷ್ಟೋ ವರ್ಷಗಳಿಂದ ಕಾಲಲ್ಲಿದ್ದ ಬೆಳ್ಳಿ ಕಡಗ ಮಾಂಸದಲ್ಲಿ ಹೂತುಹೋಗಿ, ಅಕ್ಕಸಾಲಿಗನನ್ನು ಮನೆಗೇ ಕರೆಸಿ ಕತ್ತರಿಸಬೇಕಾಯಿತು. ಬಾತ ಕಾಲನ್ನು ಬೆರಳಿನಿಂದ ಒತ್ತಿದರೆ ಹಸಿ ಹಿಟ್ಟಿನಲ್ಲಿ ಬಿದ್ದ ಹಾಗೆ ಕುಣಿ ಬೀಳುತ್ತಿತ್ತು. ಆಮೇಲೆ ಹೊಟ್ಟೆ. ಕೈಯ ಬಳೆಗಳು ಸಡಿಲವಾಗಿ ಮೊಣಕೈತನಕ ಜಾರುತ್ತಿದ್ದವು, ಕೊರಳ ಎಲುಬು ಎದ್ದು ಕಾಣುತ್ತಿತ್ತು, ಹೊಟ್ಟೆ ಮಾತ್ರ ದಿನದಿನಕ್ಕೆ ಬೆಳೆಯುತ್ತಿತ್ತು. ಇದನ್ನು ಮೊದಲು ಚೇಷ್ಟೆ ಮಾಡಿದವಳು ಅತ್ತೆಯೇ. ಬಾವಿಯ ಹತ್ತಿರ ಎಲ್ಲರೆದುರು ಬಸುರಿಯ ಹಾಗೆ ಹೊಟ್ಟೆ ಸವರಿಕೊಂಡು, "ನನಗ ಕುಬಸ ಯಾವಾಗ ಮಾಡ್ತೀರಿ? ಹಸರ ಸೀರಿನ ಬೇಕ ನೋಡ್ರಿ ಮತ್ತ," ಎಂದು ನಗಿಸಿದಳು.

ಕಣ್ಣಿನ ಬಿಳಿ ಸ್ವಲ್ಪ ಹಳದಿಯಾದಾಗ ಓಣಿಯ ಹಿರಿಯರು ಕಾಮಣಿ ಎಂದರು. ಕಾಮಾಲೆಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಕೌಜಲಗಿಯಲ್ಲಿ ಅದಕ್ಕೆ ಔಷಧ ಕೊಡುವ ಅಜ್ಜನೊಬ್ಬನಿದ್ದ. ಒಂಬತ್ತು ದಿನ ಅವನ ಸೊಪ್ಪಿನ ರಸ ಕುಡಿದಳು. ಕಣ್ಣು ತುಸು ತಿಳಿಯಾಯಿತು, ಹೊಟ್ಟೆ ಇಳಿಯಲಿಲ್ಲ. ಆ ಅಜ್ಜ ಪ್ರಾಮಾಣಿಕ. "ಇದು ನನ್ನ ಕೈ ಮೀರಿದ್ದೈತಿ. ಗೋಕಾಕಕ್ಕ ಕರಕೊಂಡ ಹೋಗ್ರಿ," ಎಂದು ತಾನೇ ಹೇಳಿದ.

ಆದರೆ ಅತ್ತೆ ಒಪ್ಪಲಿಲ್ಲ. ಸುಗ್ಗಿ ಮುಗಿಯಲಿ ಎಂದಳು, ಕುರಿಯ ಉಣ್ಣೆ ಕತ್ತರಿಸುವುದು ಮುಗಿಯಲಿ ಎಂದಳು. ಹೀಗೆ ದಿನ ದೂಡುತ್ತಿರುವಾಗ ಒಂದು ವಾರ ಮೂಡಲಗಿ ಸಂತೆಯಿಂದ ನೂಲಿನ ಗಂಟನ್ನು ಹಾಗೇ ಹೊತ್ತುಕೊಂಡು ಮಧ್ಯಾಹ್ನವೇ ಮರಳಿ ಬಂದಳು. ಗಂಟನ್ನು ಮೂಲೆಗೆ ಇಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಅತ್ತೆ ಸಂತೆಯಿಂದ ಬಂದು ಸುದ್ದಿ ಹೇಳದೆ ಇದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಹತ್ತಿರ ಕುಳಿತು ಬೆನ್ನು ಸವರಿದೆ. "ಅತ್ತಿ, ಏನಾತು?"

ಗೋಡೆಯ ಕಡೆಗೇ ಮುಖವಿಟ್ಟು ಹೇಳಿದಳು. "ಸಂತ್ಯಾಗ ಒಬ್ಬಾಕಿ ಕಿವ್ಯಾಗ ಬಂದ ಕೇಳಿದ್ಳು, ನಿಮಗ ಸೆರೆ ಎಲ್ಲಿ ಸಿಗತೈತಿ ಅಂತ. ಎಲ್ಲಾರೂ ನಕ್ಕರು. ಹಿಂಗ ಹೊಟ್ಟಿ ಬರೂದು ಕುಡದವರಿಗೆ ಅಂತ. ಊರಾಗೂ ಹಂಗ ಅನ್ನಾಕತ್ತಾರಂತ. ನನಗೊಬ್ಬಾಕಿಗೆ ಗೊತ್ತಿರಲಿಲ್ಲ."

ಆಗ ದಾರೂಬಂದಿಯ ಕಾಲ. ಕದ್ದು ಭಟ್ಟಿ ಇಳಿಸುವವರು ಇದ್ದರು, ಕುಡಿದು ಹೊಟ್ಟೆ ಬಂದು ಸತ್ತವರನ್ನೂ ಊರು ಕಂಡಿತ್ತು. ಜನ ಆ ಹೊಟ್ಟೆಯನ್ನೂ ಈ ಹೊಟ್ಟೆಯನ್ನೂ ಒಂದೇ ಮಾಡಿದ್ದರು. ಅತ್ತೆ ಹಬ್ಬದಲ್ಲೂ ಅದರ ವಾಸನೆ ತಾಳದವಳು. ಕುಡಿದು ಬಂದ ಮೈದುನನನ್ನು ಹೊಸ್ತಿಲ ಹೊರಗೇ ನಿಲ್ಲಿಸಿ, ತಲೆಯ ಮೇಲೆ ಕೊಡ ನೀರು ಸುರಿದವಳು.

"ಅದಕ್ಕ ಡಾಕ್ಟರ ಕಡೆ ಬ್ಯಾಡ ಅಂದ್ಯಾ?" ಎಂದೆ.

"ಅವನೂ ಅದನ್ನ ಕೇಳಿದ್ರ ನಾ ಯಾವ ಮಾರಿ ತೋರಿಸಲಿ?"

ಅವಳನ್ನು ಒಪ್ಪಿಸಿದ್ದು ಕೊನೆಗೆ ಮಾವ. ಬಹಳ ಮಾತಾಡದ ಮನುಷ್ಯ. ಒಂದು ದಿನ ಕುರಿಗಳನ್ನು ಬೇರೆಯವರಿಗೆ ಒಪ್ಪಿಸಿ, ಒಗೆದ ಧೋತರ ಉಟ್ಟು, ತಲೆಗೆ ಪಟಗ ಸುತ್ತಿಕೊಂಡು ಬಾಗಿಲಲ್ಲಿ ನಿಂತ. "ಏಳು. ಚಕ್ಕಡಿ ಹೂಡೇನಿ," ಎಂದ. ಅತ್ತೆ ಎದ್ದಳು. ಮನೆಯಲ್ಲಿ ಓದು ಬರುತ್ತಿದ್ದವಳು ನಾನೊಬ್ಬಳೇ. ಹುಕ್ಕೇರಿಯಲ್ಲಿ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ಚೀಟಿ ಓದಲು ಬೇಕೆಂದು ನನ್ನನ್ನೂ ಕರೆದರು. ಚಕ್ಕಡಿಯಲ್ಲಿ ದೊಡ್ಡ ರಸ್ತೆಗೆ, ಅಲ್ಲಿಂದ ಬಸ್ಸಿನಲ್ಲಿ ಗೋಕಾಕಕ್ಕೆ.

ಡಾಕ್ಟರು ಕನ್ನಡಕದ, ಇನ್ನೂ ನಲವತ್ತು ದಾಟದ ಮನುಷ್ಯ. ಅತ್ತೆಯನ್ನು ಬೆಂಚಿನ ಮೇಲೆ ಮಲಗಿಸಿ ಹೊಟ್ಟೆಯ ಮೇಲೆ ಒಂದು ಕೈ ಇಟ್ಟು ಇನ್ನೊಂದು ಬೆರಳಿನಿಂದ ತಟ್ಟಿ ತಟ್ಟಿ ಕೇಳಿದರು. ಅತ್ತೆ ಕಣ್ಣು ಮುಚ್ಚಿಕೊಂಡಿದ್ದಳು. ಆಮೇಲೆ ಕೈ ತೊಳೆಯುತ್ತ, ಎಲ್ಲರನ್ನೂ ಕೇಳುವ ಹಾಗೆ ಕೇಳಿದರು: "ಕುಡಿಯೂ ಚಟಾ ಏನರೆ ಐತೇನ್ರಿ?"

ಅತ್ತೆ ಎದ್ದು ಕುಳಿತಳು. ಸೆರಗು ಸರಿಮಾಡಿಕೊಂಡು ನನಗೆ, "ನಡೀ, ಹೋಗೂಣು," ಎಂದಳು.

ಬಾಗಿಲ ಹತ್ತಿರ ನಿಂತಿದ್ದ ಮಾವ ಆಗ ಮುಂದೆ ಬಂದ. "ಡಾಕ್ಟ್ರ, ಒಂದ ಮಾತ ಕೇಳ್ತೀನಿ. ನಾ ಕುರಿ ಕಾಯಾವ. ಕಾಲವಿ ದಂಡಿ ಹಸಿ ಹುಲ್ಲ ತಿಂದ ಕುರಿಗೆ ಗದ್ದದ ಕೆಳಗ ನೀರ ಇಳೀತೈತಿ. ಆಮ್ಯಾಲ ಹೊಟ್ಟಿ ಬರತೈತಿ, ಬೆನ್ನೆಲುಬ ಕಾಣತೈತಿ. ಸತ್ತ ಮ್ಯಾಲ ಕೊಯ್ದ ನೋಡಿದ್ರ ಕಲೀಜ ಕಲ್ಲ ಆಗಿರತೈತಿ. ಇಕಿದೂ ಕಲೀಜನ ಏನ್ರಿ?"

ಡಾಕ್ಟರು ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದರು. "ಹೌದ ಅಜ್ಜಾರ. ಅದನ್ನ ನಾವು ಲಿವರ್ ಅಂತೀವಿ."

"ಹಂಗಾರ ನನ್ನ ಕುರಿ ಎಷ್ಟ ಸೆರೆ ಕುಡದಿದ್ದು, ಹೇಳ್ರಿ?"

ಡಾಕ್ಟರು ಕುರ್ಚಿ ಎಳೆದುಕೊಂಡು ಅತ್ತೆಯ ಎದುರಿಗೆ ಕುಳಿತರು. "ಅವ್ವಾರ, ತಪ್ಪ ತಿಳೀಬ್ಯಾಡ್ರಿ. ಎಲ್ಲಾರಿಗೂ ಕೇಳಬೇಕಾಗತೈತಿ. ಕುರಿದು ಹುಳದಿಂದ ಬರೂದು, ಕುಡಿಯೂದರಿಂದ ಬರೂದು ಬ್ಯಾರೆ, ನಿಮ್ಮದ ಇನ್ನೊಂದ. ನಿಮಗ ಹಿಂದ ಯಾವಾಗರೆ ಕಾಮಣಿ ಆಗಿತ್ತೇನು?"

ಆಗಿತ್ತು. ನನ್ನ ಗಂಡ ಹೊಟ್ಟೆಯಲ್ಲಿದ್ದಾಗ ಎರಡು ತಿಂಗಳು ಮೈಯೆಲ್ಲ ಅರಿಸಿನವಾಗಿ ಬದುಕುವ ಆಸೆ ಬಿಟ್ಟಿದ್ದಳಂತೆ. ಆ ಕಾಮಾಲೆ ಮೇಲೆ ಮೇಲೆ ವಾಸಿಯಾಗಿದ್ದರೂ ಒಳಗೆ ಯಕೃತ್ತನ್ನು ಸವೆಸುತ್ತ ಇದ್ದಿರಬೇಕೆಂದು ಡಾಕ್ಟರು ಬಿಡಿಸಿ ಹೇಳಿದರು. ಅದು ಗಟ್ಟಿಯಾದಾಗ ರಕ್ತ ಸರಾಗವಾಗಿ ಹರಿಯುವುದಿಲ್ಲ, ಹೊಟ್ಟೆಯಲ್ಲಿ ನೀರು ನಿಲ್ಲುತ್ತದೆ. ಗಟ್ಟಿಯಾದದ್ದನ್ನು ಮೆತ್ತಗೆ ಮಾಡುವ ಔಷಧ ತಮ್ಮ ಬಳಿ ಇಲ್ಲ, ಆದರೆ ನೀರನ್ನು ಕಡಿಮೆ ಇಡಬಹುದು. ಇಂಜೆಕ್ಷನ್ ಉಂಟು, ವಿಶ್ರಾಂತಿ ಬೇಕು. ಎಲ್ಲಕ್ಕಿಂತ ಮುಖ್ಯ, ಉಪ್ಪು ಬಿಡಬೇಕು. ಪೂರ್ತಿ.

ನಾವು ತಂದಿದ್ದ ಬಾಟ್ಲಿಗೆ ಕಂಪೌಂಡರ್ ಔಷಧ ತುಂಬಿ, ಪ್ರತಿಸಲ ಕುಡಿಯುವ ಅಳತೆ ತೋರಿಸುವ ಕಾಗದವನ್ನು ಬದಿಗೆ ಅಂಟಿಸಿಕೊಟ್ಟ. ಅತ್ತೆ ಬಸ್‍ಸ್ಟ್ಯಾಂಡಿನ ತನಕ ತಲೆ ಎತ್ತಿ ನಡೆದಳು. ಅವಳಿಗೆ ಕಾಯಿಲೆಯ ಸುದ್ದಿಗಿಂತ, ಅದು ಕುಡಿದು ಬಂದದ್ದಲ್ಲ ಎಂಬುದೇ ದೊಡ್ಡದಾಗಿತ್ತು. ಎಲೆಯಡಿಕೆ ತರಲು ಅವಳು ಅಂಗಡಿಗೆ ಹೋದಾಗ ಮಾವ ಬೇವಿನ ಮರದ ಕೆಳಗೆ ನನ್ನ ಹತ್ತಿರ ಬಂದು ನಿಂತ.

"ಮಗಳ, ನನಗ ಮೊದಲ ಗೊತ್ತಾಗಿತ್ತು," ಎಂದ. "ಕಾಲ ಬಾತಾಗನ. ಹೇಳಲಿಲ್ಲ."

"ಯಾಕ ಮಾಮಾ?"

"ಹಂಗಾದ ಕುರಿ ಒಂದೂ ಉಳದಿಲ್ಲ."

"ಕುರಿಗೆ ಡಾಕ್ಟರ ಇರಂಗಿಲ್ಲಲ್ರಿ ಮಾಮಾ," ಎಂದೆ. ಅವನು ತಲೆಯಾಡಿಸಿದ. ಅಷ್ಟರಲ್ಲಿ ಅತ್ತೆ ಬಾಯಿ ಕೆಂಪು ಮಾಡಿಕೊಂಡು ಬಂದಳು.

ಊರಿನ ಬಾಯಿಯನ್ನೂ ಮಾವನೇ ಮುಚ್ಚಿಸಿದ. ಎರಡು ತಿಂಗಳಾದ ಮೇಲೆ ಹಿಂಡಿನಲ್ಲಿ ಒಂದು ಮುದಿ ಕುರಿ ಅದೇ ರೋಗಕ್ಕೆ ಸತ್ತಿತು. ಮಾವ ಅದರ ಯಕೃತ್ತನ್ನು ತೆಗೆದು, ಮುತ್ತಲ ಎಲೆಯ ಮೇಲಿಟ್ಟುಕೊಂಡು ನೇರವಾಗಿ ಊರ ಅಗಸಿಬಾಗಿಲಿಗೆ ನಡೆದನಂತೆ. ಕಟ್ಟೆಯ ಮೇಲೆ ಕುಳಿತವರ ನಡುವೆ ಎಲೆ ಇಟ್ಟು, ಕೋಲಿನ ತುದಿಯಿಂದ ಬಡಿದು ತೋರಿಸಿ, "ಕೈ ಹಚ್ಚಿ ನೋಡ್ರಿ. ಇದು ಎಲ್ಲಿ ಭಟ್ಟಿಗೆ ಹೋಗಿ ಕುಡಿದು ಬರ್ತಿತ್ತ, ತಿಳದವರು ಹೇಳ್ರಿ. ಹೇಳೂತನಕ ನಾ ಏಳಂಗಿಲ್ಲ," ಎಂದು ಅಲ್ಲೇ ಕುಳಿತುಬಿಟ್ಟನಂತೆ. ನನ್ನ ಗಂಡ ಇದನ್ನು ಹೇಳಿ ಬಿದ್ದು ಬಿದ್ದು ನಕ್ಕರು. ಅತ್ತೆ ನಗಲಿಲ್ಲ. ಅವತ್ತು ಗಂಡನ ತಟ್ಟೆಗೆ ತಾನೇ ಬೆಣ್ಣೆ ಹಾಕಿದಳು. ಮುಂದಿನ ವಾರ ಮೂಡಲಗಿ ಸಂತೆಗೂ ಹೋದಳು.

ಇನ್ನು ಉಪ್ಪು. ಡಾಕ್ಟರು ಹೇಳಿದ್ದು ಒಂದೇ ಮಾತು, ಮಾಡಬೇಕಾದವಳು ನಾನು. ನಮ್ಮ ಮನೆಯ ಊಟವೆಂದರೆ ರೊಟ್ಟಿ, ಪಲ್ಯ, ಕೆಂಪು ಖಾರ. ಆ ಖಾರದಲ್ಲಿ ಮೆಣಸಿನಕಾಯಿಯಷ್ಟೇ ಉಪ್ಪು. ಅತ್ತೆ ಅದಕ್ಕೆ ಎಣ್ಣೆ ಹಾಕಿಕೊಂಡು ಮೂರು ರೊಟ್ಟಿ ತಿನ್ನುವವಳು. ಮೊದಲ ದಿನ ಉಪ್ಪಿಲ್ಲದ ಬದನೆಕಾಯಿ ಬಡಿಸಿದೆ. ಒಂದು ತುತ್ತು ಬಾಯಿಗಿಟ್ಟು ನನ್ನ ಮುಖ ನೋಡಿದಳು.

"ಇದ ಬದನಿಕಾಯೊ, ನೆನಸಿದ ಅರಿವಿಯೊ?"

ಎರಡನೆಯ ದಿನ ಅರ್ಧ ರೊಟ್ಟಿಗೇ ಎದ್ದಳು. ನಾನು ಹಟಕ್ಕೆ ಬಿದ್ದೆ. ಉಪ್ಪಿನ ಕೆಲಸವನ್ನು ಹುಳಿಯಿಂದ ಮಾಡಿಸಬೇಕು ಎಂದು ಹೊಳೆಯಿತು. ಪುಂಡಿಪಲ್ಯಕ್ಕೆ ಹುಳಿ ತನ್ನಷ್ಟಕ್ಕೇ ಇರುತ್ತದೆ, ಅದಕ್ಕೆ ಬೆಳ್ಳುಳ್ಳಿ ಹೆಚ್ಚು ಜಜ್ಜಿ ಹಾಕಿದೆ. ಗುರೆಳ್ಳನ್ನು ಕಮರು ಬರುವ ತನಕ ಹುರಿದು ಪುಡಿ ಮಾಡಿ ಮೇಲೆ ನಿಂಬೆಹುಳಿ ಹಿಂಡಿದೆ. ಹಸಿಮೆಣಸಿನಕಾಯಿ ಸುಟ್ಟು ಮೊಸರಿನಲ್ಲಿ ಕಿವುಚಿದೆ. ರುಚಿ ಸರಿಯಾಯಿತೋ ಇಲ್ಲವೋ ಗೊತ್ತಾಗಲೆಂದು ನಾನೂ ಅದನ್ನೇ ಉಣ್ಣತೊಡಗಿದೆ. ತಿಂಗಳೊಳಗೆ ನನ್ನ ನಾಲಿಗೆಗೇ ಬೇರೆಯವರ ಅಡುಗೆ ಕಟುವಾಗತೊಡಗಿತು. ಅತ್ತೆ ಬೈಯುತ್ತಲೇ ಎರಡು ರೊಟ್ಟಿಗೆ ಬಂದಳು.

ಆದರೂ ಕಾಲಿನ ಬಾವು ಇಳಿಯಲಿಲ್ಲ. ನನಗೆ ಒಗಟಾಯಿತು. ಒಂದು ಸಂಜೆ ಹಿಂಡು ಮನೆಗೆ ಬಂದಾಗ ಹಟ್ಟಿಯ ಕಡೆ ಹೋದೆ. ಕುರಿಗಳಿಗೆ ದಿನಾ ಸಂಜೆ ಹರಳುಪ್ಪು ನೆಕ್ಕಿಸುವುದು ನಮ್ಮಲ್ಲಿ ರೂಢಿ. ಅತ್ತೆ ಕುರಿಗಳ ನಡುವೆ ಕುಕ್ಕರಗಾಲಲ್ಲಿ ಕುಳಿತು, ಅಂಗೈಯಲ್ಲಿ ಉಪ್ಪಿಟ್ಟುಕೊಂಡು ಒಂದೊಂದಕ್ಕೇ ನೆಕ್ಕಿಸುತ್ತಿದ್ದಳು. ಒಂದು ಕುರಿ ನೆಕ್ಕಿ ಹೋದ ಮೇಲೆ ಅತ್ತಿತ್ತ ನೋಡಿ, ಹೊಸ ಹರಳೊಂದನ್ನು ತನ್ನ ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಚೀಪುತ್ತಿದ್ದಳು. ಆ ಮುಖದಲ್ಲಿದ್ದ ಸುಖವನ್ನು ನಾನು ಇನ್ನೂ ಮರೆತಿಲ್ಲ.

ನನಗೆ ಸಿಟ್ಟು ಬಂತು, ಅಳುವೂ ಬಂತು. "ಅತ್ತಿ! ನಾ ಇಷ್ಟ ದಿನ ಏನ ಮಾಡಾಕತ್ತೇನಿ? ಯಾರ ಸಲುವಾಗಿ ಮಾಡಾಕತ್ತೇನಿ?"

ಅವಳು ಬೆಚ್ಚಿ ಹರಳನ್ನು ಗಬಕ್ಕನೆ ನುಂಗಿದಳು. ಚಿಕ್ಕಂದಿನಲ್ಲಿ ನನಗೆ ಬೈಯುತ್ತಿದ್ದವಳು ಈಗ ನನ್ನೆದುರು ತಪ್ಪು ಮಾಡಿದ ಕೂಸಿನಂತೆ ಕುಳಿತಿದ್ದಳು. "ಕುರಿ ತಿನ್ನೂದ ನೋಡಿ ಬಾಯಾಗ ನೀರ ಬರತೈತಿ ಬೇ. ಏನ ಮಾಡಲಿ? ಒಂದ ಹರಳ."

"ಒಂದ ಹರಳ ಅಂತ ದಿನಾ?"

"ದಿನಾ ಅಲ್ಲ." ಅಂಗೈ ನೋಡಿಕೊಂಡು, "ದಿನಾ ಅನ್ನು," ಎಂದಳು.

ನಾನು ಅಲ್ಲೇ ಕುರಿಹಿಕ್ಕೆಯ ನಡುವೆ ಕುಳಿತು ಅತ್ತುಬಿಟ್ಟೆ. ಅವಳು ಅಂಗೈಯ ಉಪ್ಪನ್ನು ಸೆರಗಿಗೆ ಒರೆಸಿಕೊಂಡು ನನ್ನ ತಲೆಯ ಮೇಲೆ ಕೈ ಇಟ್ಟಳು. "ಅಳಬ್ಯಾಡ. ಇನ್ನ ಮುಟ್ಟಂಗಿಲ್ಲ. ನಿನ್ನ ಮ್ಯಾಲಿನ ಆಣಿ." ಆಮೇಲೆ ಕುರಿಗಳಿಗೆ ಉಪ್ಪು ಕೊಡುವ ಕೆಲಸವನ್ನು ನನ್ನ ಗಂಡ ವಹಿಸಿಕೊಂಡರು. ಆಣೆ ಅವಳು ಮುರಿಯಲಿಲ್ಲ. ಹದಿನೈದು ದಿನಕ್ಕೆ ಕಾಲಿನ ಬಾವು ಅರ್ಧ ಇಳಿಯಿತು.

ಹೊಟ್ಟೆಯ ನೀರು ಮಾತ್ರ ಆಗಾಗ ಉಸಿರು ಹಿಡಿಯುವಷ್ಟು ಏರುತ್ತಿತ್ತು. ಆಗ ಗೋಕಾಕಕ್ಕೆ ಹೋಗಿ ತೆಗೆಸಬೇಕು. ಮೊದಲ ಸಲ ಸೂಜಿ ನೋಡಿ ನನಗೇ ತಲೆ ತಿರುಗಿತು. ಅತ್ತೆ ದಿಂಬಿಗೆ ಒರಗಿ ಕುಳಿತು, ನಳಿಕೆಯಿಂದ ಹುಲ್ಲಿನ ಬಣ್ಣದ ನೀರು ಬಕೀಟಿಗೆ ಇಳಿಯುವುದನ್ನು ಕುತೂಹಲದಿಂದ ನೋಡುತ್ತಿದ್ದಳು. ಬಕೀಟು ತುಂಬುತ್ತ ಬಂದಾಗ, "ಡಾಕ್ಟ್ರ, ಇಷ್ಟ ನೀರ ಒಳಗ ಐತಿ ಅಂತ ಗೊತ್ತಿದ್ರ ನಾ ಬಾವಿಗೆ ಯಾಕ ಹೋಗ್ತಿದ್ನಿ?" ಎಂದಳು. ಡಾಕ್ಟರು ನಕ್ಕದ್ದಕ್ಕೆ ಕೈಯಲ್ಲಿದ್ದ ಹತ್ತಿ ಕೆಳಗೆ ಬಿತ್ತು. ಅಂದಿನಿಂದ ಅವಳು ಹೋದಾಗಲೆಲ್ಲ ಸರದಿಯಲ್ಲಿದ್ದ ಜನರ ಎದುರೇ, "ಅವ್ವಾರ, ಬರ್ರಿ," ಎಂದು ಎದ್ದು ಕರೆಯುತ್ತಿದ್ದರು. ಅವಳು ಅವರಿಗೆ ಒಂದು ಕಂಬಳಿ ನೇಯಿಸಿಕೊಟ್ಟಳು, ತಾನೇ ನೂತ ನೂಲಿನದು.

ಹೀಗೆ ಎರಡೂವರೆ ವರ್ಷ ನಡೆಯಿತು. ನನ್ನ ಮೊದಲ ಮಗಳು ಹುಟ್ಟಿ, ಅತ್ತೆಯ ಕದರು ಕಸಿದುಕೊಳ್ಳುವಷ್ಟು ದೊಡ್ಡವಳಾದಳು. ಮೂರನೆಯ ಬೇಸಿಗೆಯಲ್ಲಿ ಅತ್ತೆ ಹಗಲೆಲ್ಲ ಮಲಗತೊಡಗಿದಳು. ಕೈ ಚಾಚಿದರೆ ಹಕ್ಕಿಯ ರೆಕ್ಕೆಯ ಹಾಗೆ ಪಟಪಟ ಆಡುತ್ತಿತ್ತು. ನೂಲು ನಿಲ್ಲಿಸಿದಳು. ಮಾತು ಎಲ್ಲೋ ಶುರುವಾಗಿ ಎಲ್ಲೋ ಹೋಗುತ್ತಿತ್ತು. ಡಾಕ್ಟರು ಔಷಧ ಬದಲಿಸಿದರು, ಒಮ್ಮೆ ತಿಳಿಯಾದಳು, ಮತ್ತೆ ಮಂಕಾದಳು. ರೋಗದ ವಿಷ ತಲೆಗೆ ಏರುತ್ತಿದೆ, ಇನ್ನು ಮನೆಯಲ್ಲೇ ಸಮಾಧಾನವಾಗಿ ಇಟ್ಟುಕೊಳ್ಳಿ ಎಂದು ನನ್ನನ್ನು ಬದಿಗೆ ಕರೆದು ಹೇಳಿದರು.

ಒಂದು ಮಧ್ಯಾಹ್ನ ಮಾವ ಅವಳ ಹಾಸಿಗೆಯ ಬಳಿ ಬಂದು ಕುಳಿತಾಗ ಅವಳು ಅವನ ಗುರುತು ಹಿಡಿಯಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ಯಾವೂರಾತ್ರಿ ನಿಮ್ಮದು?" ಎಂದಳು.

ಮಾವ ನನ್ನ ಕಡೆ ನೋಡಿದ. ಆಮೇಲೆ, "ಹುಕ್ಕೇರಿ ಕಡೆ," ಎಂದ.

"ನನ್ನ ತವರ ಅಲ್ಲೇ ಐತಿ! ಕುಂದರ್ರಿ, ನೀರ ಕುಡೀರಿ. ನಮ್ಮವರು ಕುರಿ ಹಿಂದ ಹೋಗ್ಯಾರ, ಬರ್ತಾರ."

"ಹ್ಯಾಂಗ ಅದಾರ ನಿಮ್ಮವರು?"

"ಮಾತ ಕಡಿಮಿ," ಎಂದಳು ಅತ್ತೆ. "ಆದ್ರ ಭಾಳ ಚಲೋ ಮನಶ್ಯಾ. ನಾ ಹೆಚ್ಚ ಕಡಿಮಿ ಮಾತಾಡಿದ್ರೂ ಒಂದ ದಿನಾ ಕೈ ಎತ್ತಿಲ್ಲ. ಊರ ಮಂದಿ ನನಗ ಹೆಸರ ಇಟ್ಟಾಗ ಎಲ್ಲಾರ ಮುಂದ ನಿಂತ್ರು. ನಾ ಇದನ್ನ ಅವರಿಗೆ ಹೇಳಿಲ್ಲ ಬಿಡ್ರಿ. ಹೇಳಿದ್ರ ಸೊಕ್ಕ ಬರತೈತಿ."

ನಾನು ನೀರಿನ ತಂಬಿಗೆ ತಂದುಕೊಟ್ಟೆ. ಮಾವ ನೆಂಟನ ಹಾಗೆ ಕುಡಿದು, ತಂಬಿಗೆ ಕೆಳಗಿಟ್ಟು, "ಹೇಳ್ರಿ, ಹೇಳ್ರಿ," ಎಂದ. ಅವಳು ದಣಿದು ನಿದ್ದೆ ಹೋಗುವ ತನಕ ಹೇಳಿದಳು, ಅವನು ಕೇಳಿದ. ನಾನು ಒಳಗೆ ಹೋಗಿ ಒಲೆಯ ಮುಂದೆ ಕುಳಿತೆ.

ಮೂರು ದಿನದ ಮೇಲೆ ಬೆಳಗ್ಗೆ, ಹಿಂಡು ಹೊರಡುವ ಹೊತ್ತಿಗೆ ಅತ್ತೆ ತೀರಿಕೊಂಡಳು. ನೋವು ಇದ್ದಂತೆ ಕಾಣಲಿಲ್ಲ. ಉಸಿರು ನಿಧಾನವಾಗುತ್ತ ಹೋಗಿ ನಿಂತಿತು. ಹುಕ್ಕೇರಿಯಿಂದ ಅಪ್ಪ ಬಂದ. ಮೂಡಲಗಿಯಿಂದ ನೇಕಾರರು ಬಂದರು, ಸಂತೆಯ ಹೆಂಗಸರೂ ಬಂದರು.

ತಿಂಗಳು ಕಳೆದ ಮೇಲೆ ಮಾವ, "ಗೋಕಾಕಕ್ಕ ಹೋಗಿ ಬರೂಣು ಮಗಳ. ಡಾಕ್ಟರಿಗೆ ತಿಳಸಬೇಕು," ಎಂದ. ಹೋದೆವು. ಬಾಗಿಲಲ್ಲಿ ನಮ್ಮಿಬ್ಬರನ್ನೇ ಕಂಡ ಡಾಕ್ಟರಿಗೆ ಹೇಳುವುದೇ ಬೇಕಾಗಲಿಲ್ಲ. ಎದ್ದು ಬಂದು ಮಾವನ ಎರಡೂ ಕೈ ಹಿಡಿದುಕೊಂಡರು. "ಮೊದಲನೆ ಸಲಾ ನೋಡಿದಾಗ ನಾನು ಆರ ತಿಂಗಳ ಅಂದಕೊಂಡಿದ್ನಿ ಅಜ್ಜಾರ," ಎಂದರು. "ನಿಮಗ ಹೇಳಿರಲಿಲ್ಲ."

"ಚಲೋ ಆತು ಹೇಳಲಿಲ್ಲ," ಎಂದ ಮಾವ. "ನಾನೂ ಹಂಗ ತಿಳಕೊಂಡಿದ್ನಿ."

ಕಂಪೌಂಡರ್ ಚಹಾ ತರಿಸಿದ. ಹೊರಗೆ ಸರದಿ ಬೆಳೆಯುತ್ತಿದ್ದರೂ ಡಾಕ್ಟರು ಅವಸರ ಮಾಡಲಿಲ್ಲ. ಕಾಲುವೆ ದಂಡೆಯ ಹುಲ್ಲಿನ ಬಗ್ಗೆ, ಕುರಿಗೆ ಗದ್ದದಡಿ ಎಷ್ಟು ದಿನಕ್ಕೆ ನೀರಿಳಿಯುತ್ತದೆ ಎಂಬ ಬಗ್ಗೆ ಕೇಳಿದರು. ಮಾವ ನನಗೆ ಗೊತ್ತಿದ್ದ ಮಟ್ಟಿಗೆ ತನ್ನ ಜೀವಮಾನದಲ್ಲೇ ಅಷ್ಟು ಮಾತಾಡಿರಲಿಲ್ಲ. ಬಸ್ಸಿನಲ್ಲಿ ಒಂದೇ ಜಾಗ ಸಿಕ್ಕಿತು. ನನಗೆ ಆಗ ಎರಡನೆಯ ಬಸುರಿನಲ್ಲಿ ಐದು ತಿಂಗಳು. ನನ್ನನ್ನು ಕೂರಿಸಿ, ಅವನು ಊರಿನ ದಾರಿ ಬರುವ ತನಕ ಪಕ್ಕದ ಕಂಬಿ ಹಿಡಿದು ನಿಂತೇ ಬಂದ.